ಗಡಿಯಾರದ ಮುಂದೆ ಕುಳಿತು ಬರೆಯುವ ಪರೀಕ್ಷೆ



ಇಂದು ಕಂಪ್ಯೂಟರ್ ಪರೀಕ್ಷೆಗಳ ಬಗ್ಗೆ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ನಾನು ಕಂಪ್ಯೂಟರ್ ಪಂಡಿತನಲ್ಲ. ಮೆಟ್ರಿಕ್ ಪಾಸಾಗಿ ಬ್ಯಾಂಕಿಗೆ ಸೇರಿದವನು. ಲೆಜರ್ ಬರೆಯುತ್ತ ಆರಂಭಿಸಿ, ಕೀಬೋರ್ಡ್ ಒತ್ತುತ್ತ ನಿವೃತ್ತನಾದವನು. ಆದರೆ ಎದುರಿಗೆ ಸರದಿ, ತಲೆಯ ಮೇಲೆ ಗಡಿಯಾರ, ಕೈಯಲ್ಲಿ ಪರರ ದುಡ್ಡು ಇರುವಾಗ ತಪ್ಪಿಲ್ಲದೆ ಕೆಲಸ ಮುಗಿಸುವುದು ಹೇಗೆಂಬುದನ್ನು ಕೌಂಟರು ನನಗೆ ಕಲಿಸಿತು. ಆ ಅನುಭವದಿಂದ, ಮತ್ತು ನಮ್ಮ ಓಣಿಯ ಮಕ್ಕಳ ಜೊತೆ ಕುಳಿತು ನೋಡಿದ್ದರಿಂದ, ಈ ಮಾತು ಹೇಳುತ್ತಿದ್ದೇನೆ.

ಮಹಾರಾಷ್ಟ್ರದಲ್ಲಿ 2001ರಲ್ಲಿ ಎಂಎಸ್-ಸಿಐಟಿ ಆರಂಭವಾಯಿತು. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಪೇಟೆಗಳಲ್ಲಿ ಅದರ ಫಲಕ ಕಾಣದವರಿಲ್ಲ. ಅದಲ್ಲದೆ ಕೇಂದ್ರ ಸರಕಾರದ ನೈಲಿಟ್ ಸಂಸ್ಥೆಯ ಸಿಸಿಸಿ ಪರೀಕ್ಷೆ ಇದೆ. ಗಡಿಯ ಆಚೆ, ಕರ್ನಾಟಕದ ಸರಕಾರಿ ನೌಕರರಿಗೆ 2012ರ ನಿಯಮದಂತೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಬಂದಿತು. ಇನ್ನು ಪುಣೆ, ಬೆಂಗಳೂರಿನ ಕಂಪನಿ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರು ಸಿಸ್ಕೊ, ಅಮೆಜಾನ್, ಮೈಕ್ರೋಸಾಫ್ಟ್‌ನಂಥ ಕಂಪನಿಗಳ ಸರ್ಟಿಫಿಕೇಟ್ ಪರೀಕ್ಷೆಗೆ ಕೂಡುತ್ತಾರೆ. ಇವುಗಳ ಶುಲ್ಕ ಸಣ್ಣದಲ್ಲ. ಎಷ್ಟೋ ಮನೆಗಳಲ್ಲಿ ಅದು ಹಾಲಿನ ಡೇರಿಯ ಬಿಲ್ಲಿನಿಂದಲೋ ಮಗ್ಗದ ವಾರದ ಪಗಾರದಿಂದಲೋ ಹೊರಟ ದುಡ್ಡು.

ಈ ಪರೀಕ್ಷೆಗಳಲ್ಲಿ ನಮ್ಮ ಮಕ್ಕಳು ಹಿಂದೆ ಬೀಳುವುದು ಏಕೆ? ದಡ್ಡರೆಂದಲ್ಲ. ಕಂಪ್ಯೂಟರ್ ಮೇಲೆ ಸಲೀಸಾಗಿ ಕೆಲಸ ಮಾಡುವ ಒಬ್ಬ ಹುಡುಗಿ ಪರೀಕ್ಷೆ ಮುಗಿಸಿ ಬಂದು ನನಗೆ ಹೇಳಿದಳು: “ಕಾಕಾ, ಉತ್ತರ ಗೊತ್ತಿದ್ದೂರಿ. ಪ್ರಶ್ನೆ ಓದಿ ತಿಳ್ಕೊಳ್ಳೂದರಾಗ ಹೊತ್ತು ಹೋತು.” ಈ ಮಾತಿನಲ್ಲಿ ಇಡೀ ಗಡಿನಾಡಿನ ಕಷ್ಟವಿದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಪರದೆಯ ಮೇಲೆ ಇಂಗ್ಲಿಷು. ಪ್ರಶ್ನೆ ಮೂರು ಹೊಸ್ತಿಲು ದಾಟಿ ಒಳಗೆ ಬರಬೇಕು, ಉತ್ತರ ಮತ್ತೆ ಮೂರು ಹೊಸ್ತಿಲು ದಾಟಿ ಹೊರಗೆ ಹೋಗಬೇಕು. ಗಡಿಯಾರ ಮಾತ್ರ ಯಾರಿಗೂ ಕಾಯುವುದಿಲ್ಲ.

ಸಿಸಿಸಿ ಪರೀಕ್ಷೆಯ ಲೆಕ್ಕವನ್ನೇ ನೋಡಿರಿ. 100 ಪ್ರಶ್ನೆ, 90 ನಿಮಿಷ. ಅಂದರೆ ಒಂದು ಪ್ರಶ್ನೆಗೆ 54 ಸೆಕೆಂಡು. ಮನಸ್ಸಿನಲ್ಲಿ ಭಾಷಾಂತರಕ್ಕೇ 20 ಸೆಕೆಂಡು ಹೋದರೆ ಯೋಚಿಸಲು ಉಳಿಯುವುದು 34. ಆದ್ದರಿಂದ ನಾನು ಹೇಳುವ ಮುಖ್ಯ ಮಾತು ಒಂದೇ: ಭಾಷಾಂತರದ ಕೆಲಸವನ್ನು ಮನೆಯಲ್ಲಿಯೇ ಮುಗಿಸಿರಿ, ಪರೀಕ್ಷೆಯ ಕೋಣೆಗೆ ಒಯ್ಯಬೇಡಿರಿ.

ಅದಕ್ಕೆ ಒಂದು ನೂರು ಪುಟದ ನೋಟುಬುಕ್ಕು ಸಾಕು. ಪುಟಕ್ಕೆ ಮೂರು ಮನೆ ಮಾಡಿರಿ. ಮೊದಲ ಮನೆಯಲ್ಲಿ ಪರೀಕ್ಷೆಯಲ್ಲಿ ಬರುವ ಇಂಗ್ಲಿಷ್ ಶಬ್ದ, ಎರಡನೆಯದರಲ್ಲಿ ಶಾಲೆಯ ಮರಾಠಿ ಶಬ್ದ, ಮೂರನೆಯದರಲ್ಲಿ ಅದು ಮಾಡುವ ಕೆಲಸ ಏನೆಂದು ನಿಮ್ಮ ಮನೆಯ ಕನ್ನಡದಲ್ಲಿ. ಉದಾಹರಣೆಗೆ ರ‍್ಯಾಮ್ ಮತ್ತು ಹಾರ್ಡ್ ಡಿಸ್ಕ್. ಇಚಲಕರಂಜಿಯವರಿಗೆ ಹೀಗೆ ಹೇಳಬಹುದು: ಕರೆಂಟು ಹೋದರೂ ನೆಯ್ದು ಸುತ್ತಿದ ಬಟ್ಟೆ ಹಾಗೆಯೇ ಇರುತ್ತದೆ, ಅದು ಡಿಸ್ಕಿನಂತೆ. ಬಾಯಲ್ಲಿ ಎಣಿಸುತ್ತಿದ್ದ ಲೆಕ್ಕ ಕತ್ತಲಾದ ಕೂಡಲೇ ತಪ್ಪುತ್ತದೆ, ಅದು ರ‍್ಯಾಮಿನಂತೆ. ಹೀಗೆ ಅರ್ಥವನ್ನು ತಾಯಿನುಡಿಯಲ್ಲಿ ಹಿಡಿಯಿರಿ, ಶಬ್ದವನ್ನು ಪರೀಕ್ಷೆಯ ಭಾಷೆಯಲ್ಲಿ ಗಟ್ಟಿ ಮಾಡಿರಿ. ಅರ್ಥವಿಲ್ಲದೆ ಬಾಯಿಪಾಠ ಮಾಡಿದವನು ಪ್ರಶ್ನೆ ಕೊಂಚ ತಿರುಗಿಸಿ ಕೇಳಿದರೆ ಸಿಕ್ಕಿಬೀಳುತ್ತಾನೆ.

ಇನ್ನೊಂದು ಸೂಕ್ಷ್ಮ. ಕನ್ನಡದಲ್ಲಿ ‘ಅಲ್ಲ’, ‘ಇಲ್ಲ’ ಎಂಬುದು ವಾಕ್ಯದ ಕೊನೆಗೆ ಬರುತ್ತದೆ. ಮರಾಠಿಯ ‘ನಾಹಿ’ ಕೂಡ ಹಾಗೆಯೇ. ಇಂಗ್ಲಿಷಿನಲ್ಲಿ ‘ನಾಟ್’ ವಾಕ್ಯದ ನಡುವೆ ಕುಳಿತಿರುತ್ತದೆ. ನಮ್ಮ ಕಣ್ಣು ಅಭ್ಯಾಸಬಲದಿಂದ ಕೊನೆಯ ಕಡೆಗೆ ಓಡಿ ಅದನ್ನು ದಾಟಿಬಿಡುತ್ತದೆ. ‘ಯಾವುದು ಅಲ್ಲ’ ಎಂಬುದಕ್ಕೆ ‘ಯಾವುದು ಹೌದು’ ಎಂದು ಉತ್ತರ ಕೊಟ್ಟು ಬರುತ್ತೇವೆ. ‘ನಾಟ್’, ‘ಎಕ್ಸೆಪ್ಟ್’, ‘ಫಸ್ಟ್’, ‘ಬೆಸ್ಟ್’, ‘ಮೋಸ್ಟ್’ ಈ ಐದು ಶಬ್ದ ಕಂಡಲ್ಲಿ ಒಂದು ಕ್ಷಣ ನಿಲ್ಲಿರಿ. ಗಾಡಿ ಓಡಿಸುವವನು ಸ್ಪೀಡ್ ಬ್ರೇಕರ್ ಕಂಡಾಗ ನಿಲ್ಲುವಷ್ಟು.

ಎಂಎಸ್-ಸಿಐಟಿಯನ್ನು ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ ಬರೆಯಬಹುದು. ಯಾವ ಭಾಷೆ ಆರಿಸಬೇಕೆಂದು ಪಾಲಕರು ಕೇಳುತ್ತಾರೆ. ದೊಡ್ಡಸ್ತಿಕೆಗೆ ಇಂಗ್ಲಿಷ್ ಆರಿಸಬೇಡಿರಿ. ಯಾವ ಭಾಷೆಯ ಪುಸ್ತಕ ಓದಿ ಕಲಿತಿದ್ದೀರೋ ಅದೇ ಭಾಷೆಯಲ್ಲಿ ಬರೆಯಿರಿ. ಮುಂದೆ ಕಂಪನಿ ಪರೀಕ್ಷೆಗೆ ಹೋಗುವ ಮನಸ್ಸಿದ್ದರೆ ಕಲಿಯುವಾಗಲೇ ಇಂಗ್ಲಿಷ್ ಶಬ್ದ ಜೊತೆಗಿಟ್ಟುಕೊಳ್ಳಿರಿ.

ಇನ್ನು ಸಿದ್ಧತೆ. ಮೊದಲ ದಿನವೇ ಪಠ್ಯಕ್ರಮದ ಕಾಗದ ತಂದು ಗೋಡೆಗೆ ಹಚ್ಚಿರಿ. ಯಾವ ಭಾಗಕ್ಕೆ ಎಷ್ಟು ಪಾಲು ಎಂದು ನೋಡಿರಿ. ಅಮೆಜಾನಿನ ಕ್ಲೌಡ್ ಪ್ರಾಕ್ಟೀಷನರ್ ಎಂಬ ಮೊದಲ ಮೆಟ್ಟಿಲಿನ ಪರೀಕ್ಷೆಯ ಈಗಿನ ಪಠ್ಯಕ್ರಮದಲ್ಲಿ ಸುರಕ್ಷತೆಯ ಭಾಗಕ್ಕೆ ನೂರಕ್ಕೆ 30, ಬಿಲ್ಲು-ದರದ ಭಾಗಕ್ಕೆ 12. ಇಷ್ಟ ಬಂದ ಭಾಗವನ್ನೇ ಹತ್ತು ಸಲ ಓದಿ, ಭಾರವಾದದ್ದನ್ನು ಬಿಡುವುದು ವ್ಯವಹಾರವಲ್ಲ. ಮೊದಲು ಗಡಿಯಾರವಿಲ್ಲದೆ ಪ್ರಶ್ನೆ ಬಿಡಿಸಿರಿ. ಎರಡು ಮೂರು ವಾರದ ನಂತರ ಗಡಿಯಾರವಿಟ್ಟು, ಮೊಬೈಲು ಬೇರೆ ಕೋಣೆಯಲ್ಲಿಟ್ಟು, ಪೂರ್ತಿ ಪರೀಕ್ಷೆಯನ್ನು ಒಂದೇ ಕೂಡ್ರಿಕೆಯಲ್ಲಿ ಬರೆಯಿರಿ.

ತಪ್ಪಿದ ಪ್ರಶ್ನೆಗಳಿಗೂ ಒಂದು ಖಾತೆ ತೆರೆಯಿರಿ. ವಿಷಯ ಗೊತ್ತಿಲ್ಲದೆ ತಪ್ಪಿದ್ದು ಒಂದು ಕಡೆ, ಭಾಷೆ ತಿಳಿಯದೆ ತಪ್ಪಿದ್ದು ಒಂದು ಕಡೆ, ಅವಸರಕ್ಕೆ ತಪ್ಪಿದ್ದು ಒಂದು ಕಡೆ. ವಾರಕ್ಕೊಮ್ಮೆ ಮೂರರ ಬೇರೀಜು ಹಾಕಿರಿ. ಬರೀ ‘ನಾಪಾಸಾದೆ’ ಎಂದು ಕೊರಗುವುದಕ್ಕಿಂತ ಯಾವ ಖಾತೆಯಲ್ಲಿ ಬಾಕಿ ಹೆಚ್ಚಿದೆ ಎಂದು ತಿಳಿದರೆ ಔಷಧ ಸಿಗುತ್ತದೆ. ವಿಷಯದ ಬಾಕಿಗೆ ಪುಸ್ತಕ, ಭಾಷೆಯ ಬಾಕಿಗೆ ಮೂರು ಮನೆಯ ನೋಟುಬುಕ್ಕು, ಅವಸರದ ಬಾಕಿಗೆ ಗಡಿಯಾರದ ಅಭ್ಯಾಸ.

ಪರೀಕ್ಷೆಯಲ್ಲಿ ಕುಳಿತಾಗ ಬ್ಯಾಂಕಿನ ಕೌಂಟರ್ ನೆನಪಿಡಿರಿ. ಒಂದು ಚೆಕ್ಕಿನ ಸಹಿ ಹೊಂದದಿದ್ದರೆ ಅದನ್ನೇ ಹಿಡಿದು ಇಡೀ ಸರದಿ ನಿಲ್ಲಿಸುವುದಿಲ್ಲ. “ಸ್ವಲ್ಪ ಕೂಡ್ರಿ ಮಾವಾ, ನೋಡತೀನಿ” ಎಂದು ಬದಿಗಿಟ್ಟು ಉಳಿದವರನ್ನು ಕಳಿಸುತ್ತೇವೆ. ಹಾಗೆಯೇ ಮೊದಲ ಸುತ್ತಿನಲ್ಲಿ ಗೊತ್ತಿರುವ ಪ್ರಶ್ನೆಗಳನ್ನೆಲ್ಲ ಮುಗಿಸಿರಿ. ಅನುಮಾನದವನ್ನು ಗುರುತು ಹಾಕಿ ಬಿಡಿರಿ. ಎರಡನೆಯ ಸುತ್ತಿನಲ್ಲಿ ಅವಕ್ಕೆ ಬನ್ನಿರಿ. ಕೊನೆಯ ಐದು ನಿಮಿಷ, ಖಾಲಿ ಉಳಿದಿದೆಯೇ ಎಂದು ನೋಡಲು.

ಆದರೆ ಎಲ್ಲ ಕೌಂಟರಿನ ನಿಯಮ ಒಂದೇ ಅಲ್ಲ. ಸಿಸ್ಕೊ ಕಂಪನಿಯ ಸಿಸಿಎನ್‌ಎ ಪರೀಕ್ಷೆ 120 ನಿಮಿಷದ್ದು. ಅಲ್ಲಿ ದಾಟಿದ ಪ್ರಶ್ನೆಗೆ ಮರಳಿ ಬರುವಂತಿಲ್ಲ. ಅಲ್ಲಿ ಪ್ರತಿ ಪ್ರಶ್ನೆಗೆ ಸಮಯದ ಮಿತಿ ಮನಸ್ಸಿನಲ್ಲೇ ಹಾಕಿಕೊಂಡು, ಉತ್ತರ ಕೊಟ್ಟೇ ಮುಂದೆ ಹೋಗಬೇಕು. ಸಿಸಿಸಿಯಲ್ಲಿಯೂ ಅಮೆಜಾನ್ ಪರೀಕ್ಷೆಯಲ್ಲಿಯೂ ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ. ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿರಿ. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಪರೀಕ್ಷೆಯಲ್ಲಿ ಮಾತ್ರ ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಹೋಗುತ್ತದೆ. ಎರಡಕ್ಕೂ ಓದುವ ಮಕ್ಕಳು ಒಂದರ ಚಟವನ್ನು ಇನ್ನೊಂದಕ್ಕೆ ಒಯ್ಯಬಾರದು. ಅಮೆಜಾನಿನ ಆ ಪರೀಕ್ಷೆಯಲ್ಲಿ 65 ಪ್ರಶ್ನೆ, 90 ನಿಮಿಷ. ಅವುಗಳಲ್ಲಿ 15ಕ್ಕೆ ಅಂಕವೇ ಇಲ್ಲ, ಪರೀಕ್ಷಿಸಿ ನೋಡಲು ಇಟ್ಟವು, ಯಾವುವೆಂದು ಹೇಳುವುದಿಲ್ಲ. ಆದ್ದರಿಂದ ಕಂಡರಿಯದ ಪ್ರಶ್ನೆ ಬಂದರೆ ಎದೆಗುಂದಬೇಡಿರಿ.

ಗಡಿನಾಡಿನವರು ಬರೆದಿಟ್ಟುಕೊಳ್ಳಬೇಕಾದ ಒಂದು ಸಂಗತಿ ಇದೆ. ಇಂಗ್ಲಿಷ್ ತಾಯಿನುಡಿಯಲ್ಲದವರು ಅಮೆಜಾನ್ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯುವುದಾದರೆ 30 ನಿಮಿಷ ಹೆಚ್ಚು ಕೇಳಿ ಪಡೆಯಬಹುದು. ಆದರೆ ದಿನಾಂಕ ಕಾಯ್ದಿರಿಸುವ ಮೊದಲೇ ವಿನಂತಿ ಸಲ್ಲಿಸಬೇಕು. ಕನ್ನಡ ಮಾತಾಡುವವರೆಂದು ಸಂಕೋಚಪಡಬೇಡಿರಿ. ಅದು ದಯೆಯಲ್ಲ, ನಿಯಮ. ಬೇರೆ ಕಂಪನಿಯ ಪರೀಕ್ಷೆಯಾದರೆ ಇಂಥ ಅನುಕೂಲ ಇದೆಯೇ ಎಂದು ಶುಲ್ಕ ತುಂಬುವ ಮೊದಲೇ ವಿಚಾರಿಸಿರಿ.

ಹೆಸರಿನ ವಿಷಯವೂ ನಮ್ಮಲ್ಲೇ ಹೆಚ್ಚು ತೊಡಕು. ಒಂದು ಕಾಗದದಲ್ಲಿ ಕುಂಬಾರ, ಇನ್ನೊಂದರಲ್ಲಿ ಕುಂಭಾರ. ಒಂದರಲ್ಲಿ ತಂದೆಯ ಹೆಸರು ನಡುವೆ, ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಗುರುತಿನ ಚೀಟಿಯಲ್ಲಿ ಇರುವಂತೆಯೇ ಅಕ್ಷರಕ್ಕೆ ಅಕ್ಷರ ಅರ್ಜಿಯಲ್ಲಿ ಬರೆಯಿರಿ. ಚೆಕ್ಕಿನ ಹೆಸರು ಹೊಂದದಿದ್ದರೆ ಹಣ ಸಿಗದಂತೆ, ಇಲ್ಲಿ ಬಾಗಿಲಲ್ಲೇ ತಡೆಯುತ್ತಾರೆ.

ಕೆಲವು ಪರೀಕ್ಷೆಗಳನ್ನು ಮನೆಯಿಂದಲೇ ಬರೆಯಬಹುದು. ಆದರೆ ಕರೆಂಟು, ನೆಟ್ಟು ನಂಬುವಂತಿಲ್ಲದ ಹಳ್ಳಿಯವರು ಕೇಂದ್ರಕ್ಕೆ ಹೋಗುವುದೇ ಲೇಸು. ಕಬ್ಬಿನ ಹಂಗಾಮಿನಲ್ಲಿ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರುಗಳಿರುತ್ತವೆ. ಒಂದು ಎಸ್.ಟಿ. ಮುಂಚೆಯೇ ಹತ್ತಿರಿ.

ಕಡೆಯದಾಗಿ ಒಂದು ಎಚ್ಚರಿಕೆ. “ಅಸಲಿ ಪ್ರಶ್ನೆಪತ್ರಿಕೆಯೇ ಕೊಡತೀವಿ” ಎಂದು ದುಡ್ಡು ಕೇಳುವವರು ಎಲ್ಲ ಊರಲ್ಲಿ ಇದ್ದಾರೆ. ಅಂಥದನ್ನು ಬಳಸಿ ಪಾಸಾದದ್ದು ಗೊತ್ತಾದರೆ ಕಂಪನಿಗಳು ಸರ್ಟಿಫಿಕೇಟ್ ರದ್ದು ಮಾಡುತ್ತವೆ, ಮುಂದೆ ಪರೀಕ್ಷೆಗೆ ಕೂಡದಂತೆಯೂ ಮಾಡುತ್ತವೆ. ಗೊತ್ತಾಗದಿದ್ದರೂ ನೌಕರಿಯ ಸಂದರ್ಶನದಲ್ಲಿ ಎರಡನೆಯ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ. ಖಾತೆಯಲ್ಲಿ ಹಣವಿಲ್ಲದ ಚೆಕ್ಕು ಎಷ್ಟು ಚೆಂದ ಬರೆದರೂ ತಿರುಗಿ ಬರುತ್ತದೆ.

ಒಂದು ಸಲ ಆಗದಿದ್ದರೆ ಮತ್ತೆ ಕೂಡಬಹುದು. ಅಮೆಜಾನ್ ಪರೀಕ್ಷೆಗೆ 14 ದಿನ ಕಾಯಬೇಕು, ಅಷ್ಟೇ. ಪಾಲಕರೇ, ಆ ದಿನಗಳಲ್ಲಿ ಮಗುವಿಗೆ ಬೈಗುಳವಲ್ಲ, ಒಂದು ಮೂಲೆ ಮತ್ತು ಎರಡು ತಾಸು ನಿಶ್ಶಬ್ದ ಕೊಡಿರಿ. ಟಿ.ವಿ. ಸಣ್ಣ ಮಾಡಿರಿ. ಮೂರು ಭಾಷೆ ಬಲ್ಲ ಮಗು ನಿಮ್ಮ ಮನೆಯಲ್ಲಿದೆ. ಆ ಮೂರೂ ಭಾಷೆ ಒಂದರ ಕಾಲು ಒಂದು ಹಿಡಿದೆಳೆಯದೆ ಕೂಡಿ ನಡೆಯುವಂತೆ ಮನೆಯಲ್ಲೇ ರೂಢಿ ಮಾಡಿದರೆ, ಗಡಿಯಾರ ತಾನಾಗಿಯೇ ನಿಮ್ಮ ಕಡೆಗೆ ಆಗುತ್ತದೆ.