ಹನ್ನೆರಡು ವೋಲ್ಟಿನ ಡಬ್ಬಿ
(ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ನನಗ ಭಾಷಣ ಬರಂಗಿಲ್ಲ. ಮಸ್ಕಿಯಲ್ಲಿ ರೇಡಿಯೋ, ಟೇಪ್ ರಿಪೇರಿ ಮಾಡಿ ಬದುಕಿದವ ನಾನು. ಸಂಘದ ಎಲೆಕ್ಟ್ರಾನಿಕ್ ತಕ್ಕಡಿಗೆ ಕರೆಂಟ್ ಕೊಡುವ ಡಬ್ಬಿ ಸುಟ್ಟಾಗ ನಮ್ಮ ಹುಡುಗರು, "ಕಾಕಾ, ಹೊಸಾದು ನಾವೇ ಮಾಡ್ತೀವಿ" ಅಂದರು. ಮಾಡ್ರಿ, ಆದರ ಕಲಿತು ಮಾಡ್ರಿ.

ನಾನು ಕಲಿಯದೇ ಮಾಡಿದವ. ಸಿಂಧನೂರಿನಿಂದ ಸಾಮಾನು ತಂದು, ಕೆಪಾಸಿಟರಿನ ಪ್ಲಸ್ ಮೈನಸ್ ನೋಡದೆ ಬೆಸುಗೆ ಹಾಕಿ ಸ್ವಿಚ್ ಒತ್ತಿದೆ. ಪಟಾಕಿಯಂಗ ಸಿಡೀತು. ಬಾಗಿ ನೋಡ್ತಿದ್ದೆ, ಚೂರು ಹುಬ್ಬಿಗೆ ಬಡೀತು. ಲಿಂಗಸುಗೂರಿನಾಗ ಹೊಲಿಗಿ ಹಾಕಿದರು. ಅವ್ವ ಆರು ತಿಂಗಳು ಸಾಮಾನಿನ ಪೆಟ್ಟಿಗಿ ಮುಟ್ಟಗೊಡಲಿಲ್ಲ.

1985ರಿಂದ ನಮ್ಮ ಜಿಲ್ಲೆಯ ಶಕ್ತಿನಗರದಲ್ಲೇ ಕರೆಂಟು ಹುಟ್ಟತೈತಿ. ಅದರ ಗುಣ ಮಾತ್ರ ನಮಗ ಗೊತ್ತಿಲ್ಲ. ಮನೆಗೆ ಬರೋದು 230 ವೋಲ್ಟ್, ತಕ್ಕಡಿಗೆ ಬೇಕಾದ್ದು 12. ಟ್ರಾನ್ಸ್‌ಫಾರ್ಮರ್ ಅದನ್ನು ಇಳಿಸತೈತಿ. ನಾಲ್ಕು ಡಯೋಡು ಒಂದೇ ದಿಕ್ಕಿಗೆ ಹರಿಸ್ತಾವ. ಕೆಪಾಸಿಟರ್ ಅಂದರ ಕೆರಿ ಇದ್ದಂಗ: ಕಾಲುವಿ ನೀರು ಬಿಟ್ಟು ಬಿಟ್ಟು ಬಂದರೂ ಹೊಲಕ್ಕೆ ಒಂದೇ ಸಮ ಕೊಡತೈತಿ. ಕೊನೆಗೆ 7812 ಎಂಬ ಮೂರು ಕಾಲಿನ ಐಸಿ ಅದನ್ನು ಹನ್ನೆರಡಕ್ಕೆ ಕಟ್ಟಿ ನಿಲ್ಲಿಸತೈತಿ.

ಮೋಸ ಹೋಗೋದು ಲೆಕ್ಕದಾಗ. ಟ್ರಾನ್ಸ್‌ಫಾರ್ಮರ್ ಮೇಲೆ 12 ಅಂತ ಬರೆದಿದ್ದರೂ ಎಸಿ ಕರೆಂಟಿನ ಅಲೆ 17ರ ತನಕ ಏರತೈತಿ. ಡಯೋಡಿನಾಗ ಒಂದೂವರಿ ಹೋದರೂ ಕೆಪಾಸಿಟರಿನ ಮೇಲೆ 15 ದಾಟತೈತಿ. ಪಂಪ್‌ಸೆಟ್ ನಿಂತು ಲೈನ್ ಏರಿದಾಗ ಇನ್ನೂ ಹೆಚ್ಚು. ಅಗ್ಗ ಅಂತ 16 ವೋಲ್ಟಿಂದು ತರಬ್ಯಾಡ್ರಿ, 25 ವೋಲ್ಟಿಂದು ಹಾಕ್ರಿ. ಐಸಿಯಲ್ಲಿ ಮೂರು ವೋಲ್ಟ್ ಉಳಿದು, ತಕ್ಕಡಿ ಒಂದು ಆಂಪಿಯರ್ ಎಳೆದರ ಮೂರು ವ್ಯಾಟ್ ಶಾಖ. ಅಲ್ಯೂಮಿನಿಯಂ ಹೀಟ್ ಸಿಂಕ್ ಇಲ್ಲದಿದ್ದರ ಕೈ ಸುಡತೈತಿ.

ಫ್ಯೂಜನ್ನು ಫೇಸ್ ತಂತಿಯಲ್ಲಿ, ಟ್ರಾನ್ಸ್‌ಫಾರ್ಮರಿನ ಮುಂಚೆ ಹಾಕಬೇಕು. ಹೋದಾಗ ತಾಮ್ರದ ಎಳೆ ಸುತ್ತೋ ಚಾಳಿ ಬಿಡ್ರಿ. ಕಬ್ಬಿಣದ ಡಬ್ಬಿಗೆ ಅರ್ಥಿಂಗ್ ಬೇಕೇ ಬೇಕು. ನಮ್ಮ ಎರಿ ಭೂಮಿ ಬ್ಯಾಸಗಿಗೆ ಬಿರಿತೈತಿ, ಅರ್ಥಿಂಗ್ ಗುಂಡಿಗೆ ಆಗಾಗ ನೀರು ಹಾಕ್ರಿ. ಹೊಸ ಡಬ್ಬಿಗೆ ಮೊದಲ ಸಲ ಕರೆಂಟ್ ಕೊಡುವಾಗ 60 ವ್ಯಾಟಿನ ಹಳೇ ನಮೂನೆ ಬಲ್ಬನ್ನು ಸೀರೀಸಿನಲ್ಲಿ ಹಾಕ್ರಿ. ಬಲ್ಬು ಪೂರಾ ಉರಿದು ನಿಂತರ ಒಳಗ ಶಾರ್ಟ್ ಐತಿ, ತಕ್ಷಣ ಬಂದ್ ಮಾಡ್ರಿ.

ಮೊಬೈಲ್ ಚಾರ್ಜರ್ ಬಿಚ್ಚಿ ಕಲಿಯಬ್ಯಾಡ್ರಿ. ಅದರಾಗ 230 ವೋಲ್ಟೇ ನೇರ ಡಿಸಿ ಆಗಿ, ಕೆಪಾಸಿಟರಿನ ಮೇಲೆ 320ರಷ್ಟು ನಿಂತಿರತೈತಿ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಹೊಡೀಬಹುದು.

ಮೀಟರ್ ನನ್ನ ಹತ್ತಿರ ಎರಡು ಅದಾವ. ಭಾನುವಾರ ಮುಂಜಾನೆ ಗೋದಾಮಿನ ಕಟ್ಟೆ ಮೇಲೆ ಕೂಡ್ತೀನಿ. ಕಲಿಯೋರು ಬರ್ರಿ, ಕಾಲಾಗ ಚಪ್ಪಲಿ ಇರಲಿ.