ಹೆಣ್ಣುಮಕ್ಕಳ ಎದೆಯ ಕವಾಟ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಕಡೆ ತರುಣ ಸೊಸೆಯೊಬ್ಬಳು ಕೊಡ ಹೊತ್ತು ನಾಲ್ಕು ಮೆಟ್ಟಿಲೇರಿ ತೇಕಿದರೆ ಹಿರಿಯರು ಏನೆನ್ನುತ್ತಾರೆಂಬುದು ತಮಗೆ ಗೊತ್ತೇ ಇದೆ: "ಮೈಯಾಗ ರಕ್ತ ಕಡಿಮಿ ಆಗೇತಿ." ಒಂದು ಬಾಟಲಿ ಟಾನಿಕ್ಕು ಬರುತ್ತದೆ. ಅನೇಕ ವೇಳೆ ಆ ಮಾತು ನಿಜವೂ ಹೌದು. ಆದರೆ ಕೆಲವರಲ್ಲಿ ಕೆಟ್ಟಿರುವುದು ರಕ್ತವಲ್ಲ; ರಕ್ತವನ್ನು ಒಂದೇ ದಿಕ್ಕಿಗೆ ಬಿಡುವ ಹೃದಯದ ಕವಾಟ.

ಇದರ ಮೂಲ ಬಾಲ್ಯದ ಗಂಟಲು ಬೇನೆ. ಐದರಿಂದ ಹದಿನೈದು ವರ್ಷದ ಮಕ್ಕಳಲ್ಲಿ ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಜೀವಿಯಿಂದ ಗಂಟಲು ಕೆಟ್ಟು, ಎರಡು ಮೂರು ವಾರದ ಮೇಲೆ ಕೆಲವರಿಗೆ ಜ್ವರ ಬಂದು ಕೀಲುಗಳು ಬಾಯುತ್ತವೆ. ರುಮ್ಯಾಟಿಕ್ ಜ್ವರವೆಂಬುದು ಇದೇ. ಕೀಲುನೋವು ಹೋಗುತ್ತದೆ, ಕವಾಟಕ್ಕೆ ಬಿದ್ದ ಪೆಟ್ಟು ಉಳಿಯಬಹುದು. ಇದರಿಂದ ಮೈಟ್ರಲ್ ಕವಾಟ ಕಿರಿದಾಗುವುದು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಎಷ್ಟೋ ಮಂದಿಗೆ ಅದು ತಿಳಿಯುವುದು ಮೊದಲ ಬಸಿರಿನಲ್ಲಿ. ಆಗ ಮೈಯ ರಕ್ತ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಕಿರಿದಾದ ಬಾಗಿಲು ಅದನ್ನು ತಾಳದು.

ಕೆಟ್ಟ ಕವಾಟ ತೆಗೆದು ಕೃತಕ ಕವಾಟ ಹೊಲಿಯುವ ವಿದ್ಯೆ 1960ರಲ್ಲಿ ಅಮೆರಿಕೆಯಲ್ಲಿ ಕೈಗೂಡಿತು. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯವರು ಡಾ. ವಲಿಯತ್ತಾನ್ ಅವರ ನೇತೃತ್ವದಲ್ಲಿ ನಮ್ಮ ದೇಶದ್ದೇ ಆದ ಕವಾಟವನ್ನು ಸಿದ್ಧಪಡಿಸಿ, 1990ರ ಡಿಸೆಂಬರದಲ್ಲಿ ಮೊದಲ ರೋಗಿಗೆ ಜೋಡಿಸಿದರು. ಲೋಹದ ಚೌಕಟ್ಟು, ಪ್ಲಾಸ್ಟಿಕ್ಕಿನ ಬಿಲ್ಲೆ, ಹೊಲಿಯಲು ಸುತ್ತಲೂ ಪಾಲಿಯೆಸ್ಟರ್ ಬಟ್ಟೆಯ ಅಂಚು! ಬನಹಟ್ಟಿಯ ನೇಕಾರ ಬಂಧುಗಳಿಗೆ ಇದು ಮೆಚ್ಚಿಕೆಯಾದೀತು.

ಶಸ್ತ್ರಕ್ರಿಯೆಯ ಫಲ ಎಲ್ಲರಿಗೂ ಒಂದೇ ಆಗಿದೆಯೆ? ಆಗಿಲ್ಲ. ಅಮೆರಿಕೆಯ ಲೆಕ್ಕಗಳಲ್ಲಿ ಮೈಟ್ರಲ್ ಕವಾಟದ ಶಸ್ತ್ರಕ್ರಿಯೆಯಿಂದ ಸಾಯುವವರ ಪ್ರಮಾಣ ಹೆಂಗಸರಲ್ಲಿ ಹೆಚ್ಚು. ಅಲ್ಲಿಯ ಕಪ್ಪುವರ್ಣದವರಿಗೆ ಮಹಾಧಮನಿಯ ಕವಾಟ ಬದಲಿಸುವ ಚಿಕಿತ್ಸೆ ಸಿಗುವುದೇ ಬಿಳಿಯರಿಗಿಂತ ಕಡಿಮೆ. ಮೈಕಟ್ಟಿನ ಪಾತ್ರವೂ ಇದೆ: ಚಿಕ್ಕ ಮೈಯವಳಿಗೆ ಚಿಕ್ಕ ಕವಾಟವೇ ಹಿಡಿಸುತ್ತದೆ, ತೀರ ಚಿಕ್ಕದಾದರೆ ರಕ್ತದ ಹರಿವಿಗೆ ಅಡ್ಡಿ. ಆದರೆ ಹೆಂಗಸರು ರೋಗ ಬಲಿತ ಮೇಲೆಯೇ ವೈದ್ಯರ ಬಳಿ ಬರುತ್ತಾರೆಂಬುದನ್ನು ಮರೆಯಲಾಗದು. ಅಮೆರಿಕೆಯ ವರ್ಣಭೇದಕ್ಕೆ ನಾವು ಮೂಗು ಮುರಿಯುವ ಮೊದಲು ನಮ್ಮ ಮನೆಗಳನ್ನು ನೋಡಿಕೊಳ್ಳಬೇಕು. ಮಗನಿಗೆ ದಮ್ಮು ಹತ್ತಿದರೆ ಅಂದೇ ಬಾಗಲಕೋಟೆಗೋ ಬೆಳಗಾವಿಗೋ ಗಾಡಿ ಹೊರಡುತ್ತದೆ, ಸೊಸೆಗಾದರೆ, "ಕಬ್ಬಿನ ಬಿಲ್ಲು ಬರಲಿ, ನೋಡೋಣು."

ಕವಾಟ ಕೂಡಿಸಿದಲ್ಲಿಗೆ ಕಥೆ ಮುಗಿಯಲಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, "ಸರ, ರಾತ್ರಿ ಮಲಗಿದ್ರ ಎದಿಯೊಳಗ ಗಡಿಯಾರ ಕೇಳಸ್ತೈತ್ರಿ" ಎಂದಳು. ಅದು ಯಾಂತ್ರಿಕ ಕವಾಟದ ಸಪ್ಪಳ. ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ಜೀವಮಾನವಿಡೀ ವಾರ್ಫರಿನ್ ಅಥವಾ ಅಂಥ ಗುಳಿಗೆ ನುಂಗುತ್ತ, ಐ.ಎನ್.ಆರ್. ಎಂಬ ರಕ್ತಪರೀಕ್ಷೆ ಮೇಲಿಂದ ಮೇಲೆ ಮಾಡಿಸಬೇಕು. ಆಕೆ ಪರೀಕ್ಷೆ ಬಿಟ್ಟು ಮೂರು ತಿಂಗಳಾಗಿತ್ತು. ಹೋಗಿಬರುವುದೆಂದರೆ ಮಗ್ಗದ ಒಂದು ದಿನದ ಕೂಲಿ ಹೋದಂತೆ. ಮರುದಿನವೇ ಕಳಿಸಿದೆವು, ರಕ್ತ ಹೆಪ್ಪುಗಟ್ಟುವ ಕಡೆಗೆ ವಾಲಿತ್ತಂತೆ, ಗುಳಿಗೆ ಹೆಚ್ಚಿಸಿದರು. ಮೆಂತ್ಯ, ಪಾಲಕ, ರಾಜಗಿರಿಗಳಂಥ ತಪ್ಪಲು ಪಲ್ಯದಲ್ಲಿರುವ ಕೆ ಜೀವಸತ್ವವೂ ಈ ಗುಳಿಗೆಯ ಬಲ ತಗ್ಗಿಸುತ್ತದೆ. ಪಲ್ಯ ಬಿಡಬೇಕಾಗಿಲ್ಲ, ಒಂದು ವಾರ ಬುಟ್ಟಿಗಟ್ಟಲೆ, ಮರುವಾರ ಏನೂ ಇಲ್ಲ ಎಂದಾಗಬಾರದು.

ಬಸಿರಿನ ಮಾತು ಇನ್ನೂ ಕಠಿಣ. ಮೊದಲ ತಿಂಗಳುಗಳಲ್ಲಿ ಈ ಗುಳಿಗೆಯಿಂದ ಕೂಸಿಗೆ ಊನವಾಗಬಹುದು. ತಾನಾಗಿಯೇ ಬಿಟ್ಟರೆ ತಾಯಿಯ ಜೀವಕ್ಕೇ ಅಪಾಯ. ಕೂಸಿನ ಆಸೆಯಾದಾಗಲೇ, ಬಸಿರಾಗುವ ಮೊದಲೇ, ಹೃದಯವೈದ್ಯರಿಗೆ ತಿಳಿಸಬೇಕು. ಪ್ರಾಣಿಯ ಅಂಗಾಂಶದಿಂದ ಮಾಡಿದ ಕವಾಟಕ್ಕೆ ಸಾಮಾನ್ಯವಾಗಿ ಜೀವಮಾನದ ಗುಳಿಗೆ ಬೇಡ. ಆದರೆ ಎಳೆಯ ವಯಸ್ಸಿನವರಲ್ಲಿ ಅದು ಬೇಗ ಸವೆದು ಮತ್ತೆ ಶಸ್ತ್ರಕ್ರಿಯೆ ಬೇಕಾಗುತ್ತದೆ. ಯಾವುದು ಬೇಕೆಂದು ಗಂಡನನ್ನೂ ಮಾವನನ್ನೂ ಕೇಳುತ್ತಾರೆ. ಅವಳನ್ನು ಕೇಳಿದವರೆಷ್ಟು ಮಂದಿ?

ರುಮ್ಯಾಟಿಕ್ ಜ್ವರ ಬಂದುಹೋದ ಮಗುವಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಸೂಜಿಯನ್ನು ವೈದ್ಯರು ಹೇಳಿದಷ್ಟು ವರ್ಷ ಹಾಕಿಸಿದರೆ ಕವಾಟ ಮತ್ತಷ್ಟು ಕೆಡದಂತೆ ಕಾಪಾಡಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಸರಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತಾರೆ. ಆ ದಿನ ಮಗಳನ್ನು ಕಂಡಿಕೆ ಸುತ್ತಲೆಂದೋ ತಮ್ಮನನ್ನು ಆಡಿಸಲೆಂದೋ ಮನೆಯಲ್ಲಿ ನಿಲ್ಲಿಸಿಕೊಳ್ಳಬೇಡಿರಿ.