ಮಚ್ಚೆ, ನರುಳಿ, ಮಸುಕು

ಮೈಯಲ್ಲಿ ಒಂದೂ ಮಚ್ಚೆಯಿಲ್ಲದ ಮನುಷ್ಯನನ್ನು ಹುಡುಕಹೊರಟರೆ, ವಿಜಯಪುರದ ಪೇಟೆಯನ್ನೆಲ್ಲ ಸುತ್ತಿದರೂ ಸಿಕ್ಕುವುದು ಕಷ್ಟ. ಒಬ್ಬರಿಗೆ ಗಲ್ಲದ ಮೇಲೆ ಎಳ್ಳಿನಷ್ಟು ಕರಿಯ ಚುಕ್ಕೆ. ಇನ್ನೊಬ್ಬರಿಗೆ ಕೊರಳ ಸುತ್ತ ಜೋತುಬಿದ್ದ ಚರ್ಮದ ಕಾಳು. ಮತ್ತೊಬ್ಬರಿಗೆ ಬೆರಳಿನ ಮೇಲೆ ನರುಳಿ. ಮಗುವಿನ ಮುಖದ ಮೇಲೆ ಬಿಳಿಚಿದ ಮಸುಕು. ನೋವಿಲ್ಲ, ಜ್ವರವಿಲ್ಲ, ಊಟ ನಿದ್ರೆಗಳಿಗೆ ಅಡ್ಡಿಯಿಲ್ಲ. ಆದರೂ ಕನ್ನಡಿಯ ಮುಂದೆ ನಿಂತಾಗ ಮನಸ್ಸು ಕೇಳುತ್ತದೆ: ಇದೇಕೆ ಬಂತು?

ಈ 'ಏಕೆ' ಎಂಬ ಪ್ರಶ್ನೆಗೆ ಪೂರ್ತಿ ಉತ್ತರ ಬಹಳ ಸಲ ದೊರೆಯದು. ಉತ್ತರವಿಲ್ಲದ ಕಡೆ ಭಯವೂ ಕಂಡಕಂಡವರ ಮದ್ದೂ ಬಂದು ಕೂಡುತ್ತವೆ. ಕಾರಣ ತಿಳಿಯದಿದ್ದರೂ ಕಲೆಯು ನಿರಪಾಯವೋ ಅಲ್ಲವೋ ಎಂಬುದನ್ನು ತಿಳಿಯಬಹುದೆಂಬುದೇ ಇಂದು ನಾನು ಹೇಳಬೇಕೆಂದಿರುವ ಮಾತು.

ನಮ್ಮ ಹಿರಿಯರು ಇವನ್ನು ನೋಡದೆ ಬಿಟ್ಟವರಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಕ್ಷುದ್ರರೋಗಗಳೆಂಬ ಒಂದು ಅಧ್ಯಾಯವೇ ಇದೆ. ಎಳ್ಳಿನಷ್ಟೇ ಗಾತ್ರದ, ಚರ್ಮಕ್ಕೆ ಸಮನಾದ ಕರಿಯ ಚುಕ್ಕೆ ತಿಲಕಾಲಕ. ಉದ್ದಿನ ಕಾಳಿನಂತೆ ಉಬ್ಬಿ ನಿಂತದ್ದು ಮಶಕ. ಮುಖದ ಮೇಲೆ ಹರಡುವ ವ್ಯಂಗವೆಂದರೆ ನಾವು ಬಂಗು ಎನ್ನುವುದೇ. ಹೆಸರಿಡುವುದಕ್ಕೆ ಎಳ್ಳು ಉದ್ದುಗಳನ್ನು ಅಡಿಗೆಮನೆಯಿಂದಲೇ ತಂದ ಆ ವೈದ್ಯನ ಕಣ್ಣು ಎಷ್ಟು ಸೂಕ್ಷ್ಮವಾಗಿತ್ತು! ತಿಲಕಾಲಕ, ಮಶಕಗಳಿಗೆ ನೋವಿಲ್ಲವೆಂದು ಆತನು ಲಕ್ಷಣದಲ್ಲೇ ಸೇರಿಸಿದ್ದಾನೆ. ವಾತಪಿತ್ತಕಫಗಳ ಕಾರಣವಿವರಣೆಯ ಸ್ಥಾನದಲ್ಲಿ ಇಂದು ಬೇರೆ ವಿವರಣೆ ಬಂದಿದೆ; ಕಣ್ಣಾರೆ ಕಂಡು ಬರೆದ ಲಕ್ಷಣ ಮಾತ್ರ ಹಾಗೆಯೇ ನಿಂತಿದೆ.

ಚರ್ಮಕ್ಕೆ ಬಣ್ಣ ಕೊಡುವ ಕಣಗಳು ಒಂದೆಡೆ ಗುಂಪುಗೂಡಿದರೆ ಅದೇ ಮಚ್ಚೆ. ವಂಶದ ಗುಣ ಸ್ವಲ್ಪ, ಬಿಸಿಲಿನ ಪಾಲು ಸ್ವಲ್ಪ. ಇದೇ ಜಾಗದಲ್ಲಿ ಏಕೆ ಎಂದರೆ ಯಾವ ವೈದ್ಯನೂ ಹೇಳಲಾರ. ನಡುವಯಸ್ಸಿನವರ ಗಲ್ಲದ ಮೇಲೆ, ಕಣ್ಣಿನ ಕೆಳಗೆ ಸಾಸಿವೆಯಂತೆ ಏಳುವ ಕರಿಯ ಕಾಳುಗಳನ್ನು ಇಟಲಿಯ ವೈದ್ಯ ಆಲ್ಡೊ ಕ್ಯಾಸ್ಟೆಲಾನಿ 1925ರಲ್ಲಿ ವರ್ಣಿಸಿದನು. ಕಪ್ಪು, ಕಂದು ಮೈಬಣ್ಣದವರಲ್ಲಿ ಅವು ಹೆಚ್ಚು, ತಾಯಿಗೆ ಇದ್ದರೆ ಮಗಳಿಗೂ ಬರುವುದುಂಟು, ಕೆಡುಕೇನೂ ಇಲ್ಲ. ಕೊರಳಿನ, ಕಂಕುಳಿನ ಚರ್ಮದ ಕಾಳುಗಳು ಮೈತೂಕ ಹೆಚ್ಚಿದವರಲ್ಲಿ, ಸಿಹಿಮೂತ್ರ ರೋಗವಿರುವವರಲ್ಲಿ ಹೆಚ್ಚಾಗಿ ಕಾಣುತ್ತವೆ. ಕಾಳಿನಿಂದ ಅಪಾಯವಿಲ್ಲ, ಆದರೆ ಬಹಳವಾಗಿ ಎದ್ದಿದ್ದರೆ ರಕ್ತದ ಸಕ್ಕರೆಯನ್ನು ಒಮ್ಮೆ ಪರೀಕ್ಷಿಸಿಕೊಳ್ಳುವುದು ಜಾಣತನ. ತಿಕೋಟಾ, ಬಬಲೇಶ್ವರಗಳ ಕಡೆ ದ್ರಾಕ್ಷಿ ತೋಟದಲ್ಲಿ ದಿನವಿಡೀ ದುಡಿಯುವ ಹೆಣ್ಣುಮಕ್ಕಳ ಬಂಗಿಗೆ ಬಿಸಿಲು ಕಾವು ಕೊಡುತ್ತದೆ. ಬಸಿರುತನವೂ ವಂಶವೂ ಜೊತೆಗೂಡುತ್ತವೆ. ಸೆರಗನ್ನು ಹಣೆಯ ಮೇಲೆ ಮುಂದಕ್ಕೆ ಎಳೆದುಕೊಳ್ಳುವ ಹಳೆಯ ರೂಢಿ ಅಲ್ಲಿ ಒಳ್ಳೆಯ ಮದ್ದೇ ಸರಿ.

ಇವುಗಳ ನಡುವೆ ನರುಳಿಯ ಕಾರಣ ಮಾತ್ರ ಚೆನ್ನಾಗಿ ತಿಳಿದಿದೆ. ಅದು ವೈರಸ್ ಎಂಬ ಅತಿಸೂಕ್ಷ್ಮ ವಿಷಾಣುವಿನಿಂದ ಬರುವುದು. ಇಟಲಿಯ ಚುಫೋ ಎಂಬ ವೈದ್ಯ 1907ರಲ್ಲಿ, ಸೋಸಿದ ನರುಳಿಯ ರಸದಿಂದಲೂ ಅದು ಅಂಟುವುದನ್ನು ತೋರಿಸಿದನು. ಸ್ವಾರಸ್ಯ ಮುಂದಿದೆ. ಮಕ್ಕಳ ನರುಳಿಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು, ಎರಡು ವರ್ಷದೊಳಗೆ ತಾವಾಗಿಯೇ ಉದುರಿಹೋಗುತ್ತವೆ. ಆದ್ದರಿಂದ ಅದಕ್ಕೆ ಮುಂಚೆ ಏನು ಮಾಡಿದ್ದರೋ ಅದಕ್ಕೇ ಕೀರ್ತಿ! ಉಪ್ಪಿನ ಹರಕೆ ಹೊತ್ತವರು ದೇವರನ್ನು ಹೊಗಳುತ್ತಾರೆ, ಮಂತ್ರ ಹಾಕಿಸಿದವರು ಮಂತ್ರವಾದಿಯನ್ನು. ಹರಕೆಯಿಂದ ಹಾನಿಯಿಲ್ಲ, ಹೊರಲಿ. ಆದರೆ ಸುಣ್ಣ ಸೋಡಾ ಕಲಸಿ ಹಚ್ಚುವುದು, ಕೇರುಬೀಜದ ಎಣ್ಣೆಯಿಂದ ಸುಡುವುದು, ಕುದುರೆಯ ಕೂದಲು ಕಟ್ಟಿ ಬಿಗಿಯುವುದು, ಹಜಾಮತಿಯ ಪಾತಿಯಿಂದ ಕೊಯ್ಯುವುದು ಇವೆಲ್ಲ ನಿರಪಾಯವಾದುದನ್ನು ಅಪಾಯ ಮಾಡಿಕೊಳ್ಳುವ ದಾರಿಗಳು. ಹುಣ್ಣಾಗಿ, ಕೀವಾಗಿ, ಜನ್ಮವಿಡೀ ಉಳಿಯುವ ಗಾಯದ ಗುರುತು ಮೊದಲಿನ ಕಾಳಿಗಿಂತ ಕುರೂಪ. ಸಿಹಿಮೂತ್ರ ರೋಗಿಯ ಕಾಲಿನಲ್ಲಂತೂ ಈ ಆಟ ಸಲ್ಲದು. ತೆಗೆಸಲೇಬೇಕೆಂದರೆ ವೈದ್ಯರು ಶೀತದಿಂದ ಹೆಪ್ಪುಗಟ್ಟಿಸಿ ಉದುರಿಸುತ್ತಾರೆ, ಇಲ್ಲವೆ ತಕ್ಕ ಲೇಪ ಕೊಡುತ್ತಾರೆ.

ಇನ್ನು ಬಿಳಿಯ ಕಲೆಗಳು. ಪಾಠ ಹೇಳುವ ನಾವು ಇವನ್ನು ವರುಷ ವರುಷವೂ ಮಕ್ಕಳ ಮುಖದಲ್ಲಿ ಕಾಣುತ್ತೇವೆ. ಗಲ್ಲದ ಮೇಲೆ ಪುಡಿಪುಡಿಯಾದ ಮಸುಕು ಬಿದ್ದರೆ ಹೊಟ್ಟೆಯಲ್ಲಿ ಜಂತು ಎಂದು ಹೇಳುವುದು ವಾಡಿಕೆ. ಒಣಚರ್ಮದ ಮಕ್ಕಳಲ್ಲಿ ಅದು ಹೆಚ್ಚು; ನಿಜವಾದ ಕಾರಣ ಸ್ಪಷ್ಟವಾಗಿಲ್ಲ. ತುಸು ಎಣ್ಣೆಯ ಪಸೆಯಿಟ್ಟರೆ ಕಾಲಕ್ರಮದಲ್ಲಿ ಮಾಯುತ್ತದೆ. ಬೆನ್ನು, ಎದೆಯ ಮೇಲಿನ ಸಿಬ್ಬ ಒಂದು ಬಗೆಯ ಬೂಷ್ಟು. ಎಲ್ಲರ ಮೈಮೇಲೂ ಇರುವ ಆ ಬೂಷ್ಟು ಬೆವರಿನ ಕಾಲದಲ್ಲಿ ಕೆಲವರಲ್ಲಿ ಹೆಚ್ಚುತ್ತದೆ, ಮದ್ದಿಗೆ ಬಗ್ಗುತ್ತದೆ. ತೊನ್ನು ಹಾಲಿನಂತೆ ಬೆಳ್ಳಗಿರುತ್ತದೆ. ಅದು ಅಂಟುರೋಗವಲ್ಲ, ಮೈಯ ರಕ್ಷಣಾಶಕ್ತಿಯೇ ಬಣ್ಣದ ಕಣಗಳ ಮೇಲೆ ತಿರುಗಿ ಬೀಳುವುದರಿಂದ ಬರುವುದು. ಜೊತೆಗೆ ಕೂತರೆ, ಉಂಡರೆ ಬಾರದು.

ಎಚ್ಚರ ಬೇಕಾದದ್ದು ಬೇರೊಂದು ಕಲೆಗೆ. ಮಂಕಾದ ಇಲ್ಲವೆ ಕೆಂಪಾದ ಕಲೆಯ ಮೇಲೆ, ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಸವರಿದಾಗ ಮುಟ್ಟಿದ್ದು ತಿಳಿಯದಿದ್ದರೆ ಅದು ಕುಷ್ಠವಿರಬಹುದು. ಮುಖದ ಕಲೆಯಲ್ಲಿ ಸ್ಪರ್ಶ ಉಳಿದಿರಲೂಬಹುದು. ಆದ್ದರಿಂದ ತಿಂಗಳುಗಟ್ಟಲೆ ಮಾಯದ ಕಲೆಯನ್ನು ವೈದ್ಯರಿಗೆ ತೋರಿಸುವುದೇ ಸರಿ. ಔಷಧ ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಆರು ತಿಂಗಳೋ ಹನ್ನೆರಡು ತಿಂಗಳೋ ತೆಗೆದುಕೊಂಡರೆ ಗುಣವಾಗುತ್ತದೆ. ಬಚ್ಚಿಟ್ಟರೆ ಬೆರಳು ಮಡಚುತ್ತದೆ, ಕಾಲಿಗೆ ಹುಣ್ಣಾಗುತ್ತದೆ. ಆದ ಅಂಗಹಾನಿಯನ್ನು ಔಷಧವು ಹಿಂದಕ್ಕೆ ಕೊಡದು. ವಿವಾಹವಿಚ್ಛೇದನಕ್ಕೆ ಕುಷ್ಠವನ್ನು ಕಾರಣವಾಗಿ ಹೇಳುತ್ತಿದ್ದ ಮಾತನ್ನು 2019ರಲ್ಲಿ ಕಾಯಿದೆಯೇ ತೆಗೆದುಹಾಕಿತು. ನಾವು ಮನಸ್ಸಿನಿಂದ ತೆಗೆಯುವುದು ಬಾಕಿಯಿದೆ.

ಮಚ್ಚೆಯ ವಿಷಯದಲ್ಲಿ ನೆನಪಿಡುವುದು ಐದೇ ಮಾತು. ಅರ್ಧಭಾಗ ಇನ್ನರ್ಧವನ್ನು ಹೋಲದಿದ್ದರೆ, ಅಂಚು ಹರಿದಂತಿದ್ದರೆ, ಬಣ್ಣ ಎರಡು ಮೂರಾದರೆ, ಆರು ಮಿಲಿಮೀಟರಿಗಿಂತ ಅಗಲವಾದರೆ, ನೋಡನೋಡುತ್ತ ಬದಲಾಗುತ್ತಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಬೇಕು. ತಾನಾಗಿ ರಕ್ತ ಜಿನುಗಿದರೂ ಅಷ್ಟೆ. ನಮ್ಮ ಮೈಬಣ್ಣದವರಲ್ಲಿ ಕೆಟ್ಟ ಮಚ್ಚೆ ವಿರಳ. ಬಂದರೆ ಅಂಗಾಲು, ಅಂಗೈ, ಉಗುರಿನ ಬುಡದಲ್ಲಿ ಬರುವುದು ಹೆಚ್ಚು. ಕಾಲು ತೊಳೆಯುವಾಗ ಅಂಗಾಲನ್ನೂ ನೋಡಿಕೊಳ್ಳಿರಿ.

ಗೋಳಗುಮ್ಮಟದ ಒಂದು ಬದಿಯಲ್ಲಿ ಪಿಸುಗುಟ್ಟಿದ್ದು ಇನ್ನೊಂದು ಬದಿಗೆ ಸ್ಪಷ್ಟವಾಗಿ ಕೇಳುತ್ತದೆ. ಹೆಣ್ಣು ನೋಡಲು ಬಂದವರು ಅವಳ ಕೈಯ ಕಲೆಯ ಬಗ್ಗೆ ಆಡಿದ ಮಾತೂ ಹಾಗೆಯೇ ಊರೂರು ತಿರುಗುತ್ತದೆ. ಎಷ್ಟೋ ಸಲ ಆ ಕಲೆ ವರ್ಷದೊಳಗೆ ಮಾಯವಾಗುತ್ತದೆ, ಮಾತು ಮಾಯುವುದಿಲ್ಲ. ತರಗತಿಯಲ್ಲಿ ಬೇರೆ ಬೆಂಚಿಗೆ ಕಳುಹಿಸಲ್ಪಟ್ಟ ಮಗುವೂ ಅದನ್ನು ಮರೆಯದು. ಕಲೆಯನ್ನು ವೈದ್ಯರಿಗೆ ತೋರಿಸಿರಿ, ನೆರೆಯವರ ಬಾಯಿಗೆ ಕೊಡಬೇಡಿರಿ. ಪರೀಕ್ಷಿಸಿದ ವೈದ್ಯರು ಏನೂ ಇಲ್ಲವೆಂದರೆ, ಏನೂ ಇಲ್ಲವೆಂದೇ ನಂಬಿ ಮನೆಗೆ ಬನ್ನಿರಿ.